ಒಂದೂವರೆಯ ನಂತರದ ಬಿಸಿಲು

ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ತೆರೆದ ಬಾಗಿಲು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತದೆ. ಆ ಸೀಮೆಯ ಬಿಸಿಲು ಕಂಡವರಾರೂ ಇದಕ್ಕೆ ತಕರಾರು ಎತ್ತಲಾರರು. ಆದರೆ ಅದೇ ಊರಿನ ಹೊರಗೆ ಭಟ್ಟಿಯ ಪಕ್ಕದಲ್ಲಿ ಇಟ್ಟಿಗೆ ಹೊರುವ ಬಸುರಿಗೆ ಒಂದೂವರೆ ಗಂಟೆ ಬರಿಯ ಒಂದೂವರೆ ಗಂಟೆ, ಅಷ್ಟೆ.

ಪೋರೂರಿನಿಂದ ಬಂದ ಅಧ್ಯಯನವೊಂದನ್ನು ಓದುವಾಗ ಇದು ತಲೆಗೆ ಹತ್ತಿತು. ಬೆಂಗಳೂರು ಕಡೆಯಿಂದ ಚೆನ್ನೈಗೆ ಹೋಗುವವರಿಗೆ ಪೂನಮಲ್ಲಿ ದಾಟಿದ ಮೇಲೆ ಸಿಗುವ ಪೋರೂರು ಎಂದರೆ ನಮ್ಮ ಜನಕ್ಕೆ ರಾಮಚಂದ್ರ ಆಸ್ಪತ್ರೆ. ಆ ಸಂಸ್ಥೆಯ ಔದ್ಯೋಗಿಕ ಆರೋಗ್ಯ ತಜ್ಞೆ ವಿದ್ಯಾ ವೇಣುಗೋಪಾಲ್, ಎಸ್. ರೇಖಾ ಮತ್ತು ಸಂಗಡಿಗರು 2017ರಿಂದ ತಮಿಳುನಾಡಿನ 800 ಗರ್ಭಿಣಿಯರನ್ನು ಹೆರಿಗೆಯವರೆಗೂ ಗಮನಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹೊಲ, ಇಟ್ಟಿಗೆ ಭಟ್ಟಿ, ಉಪ್ಪಿನ ಗದ್ದೆಗಳಂಥ ಸುಡುವ ಜಾಗಗಳಲ್ಲಿ ದುಡಿಯುವವರು. ಉಳಿದವರು ಶಾಲೆ, ಆಸ್ಪತ್ರೆಗಳಂಥ ನೆರಳಿನಲ್ಲಿ ಕೆಲಸವಿದ್ದವರು. ಬ್ರಿಟನ್ನಿನ ಪ್ರಸೂತಿ ವೈದ್ಯರ ನಿಯತಕಾಲಿಕ ಬಿಜೆಒಜಿಯಲ್ಲಿ 2024ರಲ್ಲಿ ಬಂದ ಫಲಿತಾಂಶ ಹೀಗಿದೆ: ಬಿಸಿಲಲ್ಲಿ ದುಡಿದವರಲ್ಲಿ ಗರ್ಭಪಾತದ ಅಪಾಯ ಸುಮಾರು ಎರಡು ಪಟ್ಟು.

ಈ ತಂಡ ಅಳೆದದ್ದು ನಾವು ಸುದ್ದಿಯಲ್ಲಿ ಓದುವ ಡಿಗ್ರಿಯನ್ನಲ್ಲ. ತುದಿಗೆ ಒದ್ದೆ ಬಟ್ಟೆ ಸುತ್ತಿದ ಒಂದು ತಾಪಮಾಪಕ, ಕಪ್ಪು ಗೋಳದೊಳಗೆ ಇನ್ನೊಂದು, ನೆರಳಲ್ಲಿ ಮಾಮೂಲಿಯದೊಂದು. ಬಯಲಿನ ಲೆಕ್ಕದಲ್ಲಿ ನೂರಕ್ಕೆ ಎಪ್ಪತ್ತು ಪಾಲು ಒದ್ದೆ ಬಟ್ಟೆಯದೇ. ಬೆವರು ಆರುತ್ತದೋ ಇಲ್ಲವೋ ಎಂಬುದೇ ಮುಖ್ಯ. ಹಾಗಾಗಿ ಕಲಬುರಗಿಯ 42 ಡಿಗ್ರಿಗಿಂತ ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ 35 ಡಿಗ್ರಿಯೇ ಮೈಯನ್ನು ಹೆಚ್ಚು ಹಣ್ಣು ಮಾಡಬಹುದು. ಬಸುರಿಯ ಒಳಗೆ ಇನ್ನೊಂದು ಜೀವ ತಾನೂ ಶಾಖ ಹುಟ್ಟಿಸುತ್ತಿರುತ್ತದೆ, ಮಗುವಿನ ಮೈ ತಾಯಿಯ ಮೈಗಿಂತ ಅರ್ಧ ಡಿಗ್ರಿಯಷ್ಟು ಬೆಚ್ಚಗೆ. ಆ ಶಾಖ ಹೊರಹೋಗಬೇಕಾದದ್ದು ತಾಯಿಯ ಚರ್ಮದ ಮೂಲಕವೇ. ರಕ್ತ ಚರ್ಮದ ಕಡೆಗೆ ಓಡಿದಾಗ ಮಾಸಿಗೆ ಹೋಗುವ ಪಾಲು ತಗ್ಗಬಹುದೆಂಬುದು ವೈದ್ಯರ ಊಹೆ.

ಈ ಗರ್ಭಪಾತಗಳು ಬಿಸಿಲಿನ ಕೆಲಸವೋ ಬಡತನದ ಕೆಲಸವೋ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸಂಖ್ಯಾಶಾಸ್ತ್ರ ಎರಡನ್ನೂ ಬೇರ್ಪಡಿಸಲು ಸಾಕಷ್ಟು ಹೆಣಗುತ್ತದೆ. ಹೊಲದಲ್ಲಿ ಮಾತ್ರ ಅವು ಬೇರೆಯಾಗಿ ಬರುವುದಿಲ್ಲ. ಇದೇ ತಂಡ 2016ರಲ್ಲಿ ಪ್ರಕಟಿಸಿದ ಲೇಖನವೊಂದು ಸೆಕೆಯ ಜೊತೆಗೆ ಕೆಲಸದ ಜಾಗದಲ್ಲಿ ಶೌಚಾಲಯವಿಲ್ಲದ ಸಂಗತಿಯನ್ನೂ ಎತ್ತಿಕೊಂಡಿತ್ತು. ಮರೆಯಿಲ್ಲದ ಕಡೆ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ನೀರು ಕುಡಿಯಿರಿ ಎಂಬ ಬೇಸಿಗೆಯ ಪ್ರಕಟಣೆ ಬರೆಯುವವರು ಒಮ್ಮೆ ಅದನ್ನು ಓದಬೇಕು.

ಹೆರಿಗೆ ಭತ್ಯೆ ಕಾಯ್ದೆ ಬಂದದ್ದು 1961ರಲ್ಲಿ. 2017ರ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿತು. ಅದು ಹತ್ತು ಅಥವಾ ಅದಕ್ಕೂ ಹೆಚ್ಚು ನೌಕರರಿರುವ, ಹಾಜರಿ ಪುಸ್ತಕವಿರುವ ಲೋಕದ ಮಾತು. ದಿನಗೂಲಿಯವಳಿಗೆ ದಕ್ಕುವುದು ಮಾತೃವಂದನಾ ಯೋಜನೆಯ ಚೊಚ್ಚಲ ಹೆರಿಗೆಯ 5,000 ರೂಪಾಯಿ. ಎಷ್ಟು ದಿನದ ಕೂಲಿಗೆ ಅದು ಸಮವೆಂದು ಅವಳೇ ಲೆಕ್ಕ ಹಾಕಿ ಹೇಳಿಯಾಳು.

ಸಾಹಿತ್ಯದವರಾದ ನಾವೇನೂ ಹಿಂದೆ ಬಿದ್ದಿಲ್ಲ. ಬಯಕೆಯ ಹಾಡು, ಕುಬುಸದ ಹಸಿರು ಸೀರೆ, ತವರಿನ ದಾರಿ ಕಾಯುವ ಚೊಚ್ಚಲ ಬಸುರಿ, ಇವೆಲ್ಲ ನಮ್ಮ ಕಥೆ ಕವಿತೆಗಳಲ್ಲಿ ಧಾರಾಳ. ಕುಬುಸ ಮುಗಿದ ಮರುದಿನ ಮೆಣಸಿನಕಾಯಿ ಬಿಡಿಸಲು ಹೊರಟವಳು ಅಪರೂಪ. ಬಸುರು ನಮಗೆ ಮನೆಯೊಳಗಿನ ಸಂಗತಿಯಾಗಿಯೇ ಉಳಿದುಬಿಟ್ಟಿದೆ. ಇಳಿದುಹೋದ ಗರ್ಭವಂತೂ ಹೆಣ್ಣಿನ ಹಣೆಬರಹವಾಗಿ, ಇಲ್ಲವೇ ಅತ್ತೆಯ ಚುಚ್ಚುಮಾತಾಗಿ ಬರುತ್ತದೆಯೇ ಹೊರತು ಮಧ್ಯಾಹ್ನದ ಬಿಸಿಲಿನೊಂದಿಗೆ ಯಾರೂ ಅದನ್ನು ಗಂಟು ಹಾಕಿದಂತಿಲ್ಲ.

ನಮ್ಮ ಪತ್ರಿಕೆಯ ಮೇ ಸಂಚಿಕೆಯನ್ನು ಇದಕ್ಕಾಗಿ ಮೀಸಲಿಡುತ್ತಿದ್ದೇವೆ. ಆಶಾ ಕಾರ್ಯಕರ್ತೆಯರು, ಸೂಲಗಿತ್ತಿಯರು, ಹೊಲ ಭಟ್ಟಿಗಳಲ್ಲಿ ದುಡಿದ ತಾಯಂದಿರು ಬರೆಯಬಹುದು. ಬರೆಯಲು ಬಾರದವರು ಫೋನಿನಲ್ಲಿ ಹೇಳಿದರೆ ನಾವೇ ಬರೆದುಕೊಳ್ಳುತ್ತೇವೆ. ಹೆಸರು ಬೇಡವೆಂದರೆ ಹಾಕುವುದಿಲ್ಲ. ಕರೆಗೆ ಸಂಜೆ ಆರರ ನಂತರವೇ ವೇಳೆ ಇಟ್ಟಿದ್ದೇವೆ, ಕೂಲಿಯಿಂದ ಮನೆಗೆ ಬಂದಿರುತ್ತಾರೆಂದು.