ಮುಟ್ಟಿ ನೋಡಲಾಗದ ಸರಕು

ರಾಶಿಯಿರಲಿ, ಬೆಟ್ಟೆಯಿರಲಿ, ಗೊರಬಲಿರಲಿ, ಮಂಡಿಯಲ್ಲಿ ವ್ಯಾಪಾರಿ ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದು ನೋಡದೆ ದರ ಬರೆಯುವುದಿಲ್ಲ. ಕಣ್ಣಿಗಿಂತ ಕೈಯನ್ನು ನಂಬುವ ವ್ಯಾಪಾರ ನಮ್ಮದು. ಹೀಗಿರುವಾಗ, ನೂರಾರು ಪೌಂಡ್ ಬೆಲೆಯ ಉಡುಪನ್ನು ಮುಟ್ಟದೆ, ತೊಟ್ಟು ನೋಡದೆ, ಪರದೆಯ ಮೇಲಿನ ಚಿತ್ರವನ್ನೇ ನಂಬಿ ಕೊಳ್ಳುವವರಿದ್ದಾರೆಂದರೆ ನಮ್ಮ ಹಿರಿಯ ಸದಸ್ಯರು ನಕ್ಕಾರು. ಆದರೆ ಸಂಘದ ಕಾಫಿಪುಡಿಯನ್ನು ಆನ್‌ಲೈನಿನಲ್ಲಿ ಮಾರಬೇಕೆಂಬ ಸಲಹೆ ಆಡಳಿತ ಮಂಡಳಿಯ ಮುಂದಿರುವುದರಿಂದ, ಆ ವ್ಯಾಪಾರವನ್ನು ಸ್ವಲ್ಪ ವಿಚಾರಿಸಿ ನೋಡುವುದು ಅವಶ್ಯವೆಂದು ನಮಗೆ ತೋರುತ್ತದೆ.

1999ರ ನವೆಂಬರ್‌ನಲ್ಲಿ ಲಂಡನ್ನಿನ ಬೂ ಡಾಟ್ ಕಾಮ್ ಎಂಬ ಸಂಸ್ಥೆ ಅಂತರ್ಜಾಲದಲ್ಲಿ ಫ್ಯಾಷನ್ ಉಡುಪಿನ ಅಂಗಡಿ ತೆರೆಯಿತು. ಉಡುಪನ್ನು ಪರದೆಯ ಮೇಲೆ ತಿರುಗಿಸಿ ನೋಡಬಹುದಿತ್ತು. ಗಿರಾಕಿಗೆ ದಾರಿ ತೋರಲು ಒಂದು ಗೊಂಬೆಯೂ ಇತ್ತು. ಆದರೆ ಅಂದಿನ ಟೆಲಿಫೋನ್ ತಂತಿಯಲ್ಲಿ ಆ ಚಿತ್ರಗಳು ಮೂಡುವಷ್ಟರಲ್ಲಿ ನೋಡುವವರ ತಾಳ್ಮೆಯೇ ಮುಗಿಯುತ್ತಿತ್ತು. ಸುಮಾರು 13.5 ಕೋಟಿ ಡಾಲರ್ ಕರಗಿಸಿ 2000ದ ಮೇ ತಿಂಗಳಲ್ಲಿ ಅದು ಮುಚ್ಚಿತು. ಮರು ತಿಂಗಳೇ ಅದೇ ಊರಿನಲ್ಲಿ, ಫ್ಯಾಷನ್ ಪತ್ರಿಕೆಗಳಲ್ಲಿ ದುಡಿದಿದ್ದ ನಟಾಲಿ ಮ್ಯಾಸನೆ ಎಂಬ ಮಹಿಳೆ ನೆಟ್-ಆ-ಪೋರ್ಟೆ ಆರಂಭಿಸಿದರು.

ಇದು ಪತ್ರಿಕೆಯಂತೆ ಓದಿಸಿಕೊಳ್ಳುವ ಅಂಗಡಿ. ಬಟ್ಟೆ ಯಾವುದು, ಒಳಗಿನ ಅಸ್ತರು ಯಾವುದು, ಹೇಗೆ ತೊಳೆಯಬೇಕು, ಅಳತೆ ಬಿಗಿಯೋ ಸಡಿಲವೋ, ಚಿತ್ರದಲ್ಲಿ ತೊಟ್ಟು ನಿಂತವರ ಎತ್ತರವೆಷ್ಟು, ಅವರು ತೊಟ್ಟಿರುವ ಸೈಜ್ ಯಾವುದು, ಇಷ್ಟನ್ನೂ ಉಡುಪಿನ ಪಕ್ಕದಲ್ಲಿ ಬರೆಯುತ್ತಾರೆ. ಗಿರಾಕಿಯ ಕೈ ಮಾಡಬೇಕಾದ ಕೆಲಸವನ್ನು ಇಲ್ಲಿ ಅಕ್ಷರ ಮಾಡುತ್ತದೆ. ಹೆಸರುವಾಸಿಯಾದ ಅವರ ಕಪ್ಪು ಪೆಟ್ಟಿಗೆ, ಒಳಗಿನ ತೆಳು ಕಾಗದ, ರಿಬ್ಬನ್ನಿನ ಗಂಟು, ಇವುಗಳ ಮಾತು ಅದರ ನಂತರದ್ದು. ಮಾರುವವರ ಮುಖ ಕಾಣದ ವ್ಯಾಪಾರದಲ್ಲಿ ಗಿರಾಕಿಯ ಕೈಗೆ ಮೊದಲು ಸಿಗುವುದು ಪೆಟ್ಟಿಗೆಯೇ ಆದ್ದರಿಂದ ಅದು ಜಜ್ಜಿ ಬಂದರೆ ಒಳಗಿನ ಮಾಲಿನ ಮೇಲೂ ಸಂಶಯ ಹುಟ್ಟುತ್ತದೆ, ನಿಜ.

ಹಾಗೆಂದು ಅಂದಚೆಂದವೇ ವ್ಯಾಪಾರವನ್ನು ಕಾಯುತ್ತದೆನ್ನಲಾಗದು. ಇದೇ ಬಗೆಯ ಲಂಡನ್ನಿನ ಮ್ಯಾಚಸ್ 2024ರಲ್ಲಿ ದಿವಾಳಿಯಾಯಿತು. ನೆಟ್-ಆ-ಪೋರ್ಟೆ ಕೂಡ ನಷ್ಟದ ವರ್ಷಗಳ ನಂತರ 2025ರಲ್ಲಿ ಜರ್ಮನಿಯ ಮೈಥೆರೇಸಾ ಕಂಪನಿಯ ಕೈಸೇರಿತು. ಈ ವ್ಯಾಪಾರದ ಭಾರವಾದ ಖರ್ಚುಗಳಲ್ಲಿ ಹಿಂದಿರುಗಿದ ಮಾಲಿನದೂ ಒಂದು. ಮರಳಿ ಬಂದ ಉಡುಪನ್ನು ಪರೀಕ್ಷಿಸಿ, ಇಸ್ತ್ರಿ ಮಾಡಿ, ಮತ್ತೆ ಕಟ್ಟಿ ಮಾರಬಹುದು. ತೆರೆದ ಕಾಫಿಪುಡಿಯ ಪೊಟ್ಟಣವನ್ನು ಏನು ಮಾಡುವುದು? ಗಿರಾಕಿಗೆ ಮೊದಲೇ ಸರಿಯಾಗಿ ತಿಳಿಸುವುದು ಉಡುಪಿನವರಿಗಿಂತ ನಮಗೆ ಹೆಚ್ಚು ಅಗತ್ಯ.

ನಮ್ಮಲ್ಲಾದರೋ ಡಬ್ಬಿಯ ಮೇಲೆ ಬೆಟ್ಟವಿರಬೇಕೋ ಆನೆಯಿರಬೇಕೋ ಎಂಬ ಚರ್ಚೆಯಲ್ಲೇ ಎರಡು ಸಭೆಗಳು ಕಳೆದಿವೆ. (ಆನೆ ನುಗ್ಗಿ ತೋಟ ಕಳೆದುಕೊಂಡವರು ಆನೆ ಬೇಡವೆಂದರು, ಅದು ನ್ಯಾಯವೇ.) ಚೀಟಿಯಲ್ಲಿ ಏನು ಬರೆಯಬೇಕೆಂದು ಒಬ್ಬರೂ ಕೇಳಲಿಲ್ಲ. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಶೇಕಡಾ 51ಕ್ಕೆ ಕಡಿಮೆಯಿರಬಾರದು, ಎರಡರ ಪ್ರಮಾಣವನ್ನೂ ನಮೂದಿಸಬೇಕು ಎಂಬುದು ಕಾನೂನು. ಅಷ್ಟಕ್ಕೇ ನಿಲ್ಲದೆ ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಹುರಿದ ತಾರೀಖು ಯಾವುದು, ಪುಡಿ ಫಿಲ್ಟರಿಗೆ ತಕ್ಕದ್ದೇ ಎಂಬುದನ್ನೂ ಸ್ಪಷ್ಟವಾಗಿ ಬರೆಯಬೇಕು. ಹೊಸದಾಗಿ ಹುರಿದ ಕಾಫಿ ಅನಿಲ ಬಿಡುತ್ತದೆ. ಅದನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ಕವಾಟವಿಲ್ಲದಿದ್ದರೆ ಚೀಲ ಉಬ್ಬುತ್ತದೆ. ಚಿನ್ನದ ಬಣ್ಣದ ಅಚ್ಚಿಗೆ ಸುರಿಯುವ ಹಣವನ್ನು ಆ ಕವಾಟಕ್ಕೆ ಹಾಕಿದರೆ ಒಳ್ಳೆಯದು.

ಬರೆದ ಮೇಲೆ ಅದರಂತೆ ನಡೆಯುವ ಹೊಣೆ ಡಬ್ಬಿ ಮಾಡುವವನದಲ್ಲ, ನಮ್ಮದು. ‘ಮಾಗಿದ ಹಣ್ಣನ್ನೇ ಕೊಯ್ದದ್ದು’ ಎಂದು ಚೀಟಿಯಲ್ಲಿ ಹಾಕಬೇಕೆಂದು ಕೆಲವರು ಸೂಚಿಸಿದ್ದಾರೆ. ಆಳು ಸಿಗದ ವರ್ಷದಲ್ಲಿ ಹಸಿರು ಕಾಯಿ, ಹಣ್ಣು ಎಲ್ಲವನ್ನೂ ಒಟ್ಟಿಗೆ ಕೊಯ್ಯುವ ಕಷ್ಟ ನಮಗೆಲ್ಲರಿಗೂ ಗೊತ್ತು. ಮೂರು ಎಕರೆಯವರಿಂದಲೂ ಮೂವತ್ತು ಎಕರೆಯವರಿಂದಲೂ ಅದನ್ನು ನಡೆಸಿಕೊಡಲಾಗುವುದಾದರೆ ಮಾತ್ರ ಆ ಸಾಲನ್ನು ಹಾಕತಕ್ಕದ್ದು. ಚೀಟಿಯ ಕರಡು ಸಂಘದ ಕಚೇರಿಯಲ್ಲಿದೆ. ಸದಸ್ಯರು ಮಹಾಸಭೆಗೆ ಮುಂಚೆ ಬಂದು ಓದಿ, ಆಗುವುದಿಲ್ಲವೆಂದು ಕಂಡ ಸಾಲನ್ನು ನಿಸ್ಸಂಕೋಚವಾಗಿ ಹೊಡೆದುಹಾಕಬಹುದು.