ಒದೆತ ಎಲ್ಲಿತ್ತು, ನಾನು ಹುಡುಕಿದ್ದೆಲ್ಲಿ

ಅಕ್ಕನ ಮಗಳು ಚಿನ್ನುಗೆ ಈಗ ಹದಿನಾರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗ ಟಿವಿ ಮುಂದೆ ಕುಣಿದಾಡಿ, ಹಟ ಹಿಡಿದು ಶೂಟಿಂಗ್ ರೇಂಜ್‌ಗೆ ಸೇರಿಕೊಂಡವಳು. 10 ಮೀಟರ್ ಏರ್ ಪಿಸ್ತೂಲಿನಲ್ಲಿ ಚೆನ್ನಾಗೇ ಹೊಡೀತಿದ್ದಳು. ಈ ವರ್ಷ ಕೋಚ್ ಮೇಡಂ ಅವಳನ್ನು 25 ಮೀಟರ್‌ಗೆ ಹಾಕಿದರು. ಅಲ್ಲಿ ಪಾಯಿಂಟ್ ಟೂ ಟೂ ಪಿಸ್ತೂಲು, ನಿಜವಾದ ಗುಂಡು. ಪಿಸ್ತೂಲು ಕ್ಲಬ್ಬಿನದು, ದೊಡ್ಡವರು ಪಕ್ಕದಲ್ಲೇ ನಿಂತಿರಬೇಕು.

ಮೂರೇ ವಾರದಲ್ಲಿ ಸ್ಕೋರ್ ಪಾತಾಳಕ್ಕೆ ಇಳೀತು. ಗುಂಡುಗಳೆಲ್ಲ ಕೆಳಕ್ಕೆ, ಎಡಕ್ಕೆ.

“ತುಂಬಾ ಒದೆಯುತ್ತೆ ಮಾಮ” ಅಂದಳು.

ನನಗೆ ಅಷ್ಟು ಸಾಕಾಯ್ತು. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್‌ಗೆ ಬಂದವನು ನಾನು. ಎಂಟು ವರ್ಷದಿಂದ ಮುಟ್ಟದ ನ್ಯೂಟನ್‌ನನ್ನು ಎಬ್ಬಿಸೋಕೆ ಒಳ್ಳೇ ನೆಪ ಸಿಕ್ಕಿತು. ಲ್ಯಾಪ್‌ಟಾಪ್ ತೆಗೆದೆ.

ಲೆಕ್ಕ ಸುಲಭ. ಏರ್ ಪಿಸ್ತೂಲಿನ ಪೆಲೆಟ್ ಸುಮಾರು ಅರ್ಧ ಗ್ರಾಂ, ವೇಗ ಸೆಕೆಂಡಿಗೆ 160 ಮೀಟರ್ ಆಸುಪಾಸು. ಪಾಯಿಂಟ್ ಟೂ ಟೂ ಗುಂಡು 2.6 ಗ್ರಾಂ, ವೇಗ ಸುಮಾರು 320 ಮೀಟರ್. ತೂಕವನ್ನು ವೇಗದಿಂದ ಗುಣಿಸಿದರೆ ಹತ್ತು ಪಟ್ಟು ವ್ಯತ್ಯಾಸ. ಗುಂಡು ಮುಂದೆ ಹೋಗುವಾಗ ಅದೇ ಲೆಕ್ಕ ಪಿಸ್ತೂಲನ್ನು ಹಿಂದಕ್ಕೆ ತಳ್ಳುತ್ತೆ. ನಳಿಗೆ ಇರೋದು ಕೈ ಹಿಡಿತಕ್ಕಿಂತ ಮೇಲೆ, ಹಾಗಾಗಿ ಮೂತಿ ಮೇಲಕ್ಕೆ ಜಿಗಿಯುತ್ತೆ. ಪಿಸ್ತೂಲು ಭಾರವಾದಷ್ಟೂ ಅದು ಹಿಂದಕ್ಕೆ ಬರುವ ವೇಗ ಕಮ್ಮಿ. 1.1 ಕೆಜಿ ಪಿಸ್ತೂಲಿಗೆ 200 ಗ್ರಾಂ ಸೇರಿಸಿದರೆ ವೇಗ ಶೇ. 15ರಷ್ಟು ಇಳಿಯುತ್ತೆ. ನಿಯಮದ ಪ್ರಕಾರ 1.4 ಕೆಜಿ ತನಕ ಅವಕಾಶ ಇದೆ. ಮತ್ತೇನು ಬೇಕು? ನಳಿಗೆಯ ಕೆಳಗೆ ಕೂರಿಸುವ ತೂಕದ ತುಂಡುಗಳನ್ನು ತರಿಸಿದೆ. ಮೇಡಂ ರಜೆಯಲ್ಲಿದ್ದ ವಾರ ಕ್ಲಬ್ಬಿನವರನ್ನು ಕೇಳಿ ಹಾಕಿಸಿಯೂ ಬಿಟ್ಟೆ. ಅವತ್ತು ನನ್ನ ಮುಖ ನೀವು ನೋಡಬೇಕಿತ್ತು!

ಎರಡು ವಾರ ಕಳೆದಿತ್ತು. ರಾತ್ರಿ ಅಕ್ಕನ ಫೋನ್. “ಚಿನ್ನು ಎಡಗೈಲಿ ಸ್ಪೂನ್ ಹಿಡ್ಕೊಂಡು ಅನ್ನ ತಿಂತಿದ್ದಾಳೆ ಕಣೋ. ಕೇಳಿದ್ರೆ ಏನಿಲ್ಲ ಅಂತಾಳೆ.”

ಬಲಗೈ ಮಣಿಕಟ್ಟು ಊದಿತ್ತು. ಡಾಕ್ಟರು ನೋಡಿ, ಸ್ನಾಯುರಜ್ಜಿಗೆ ಮಿತಿಮೀರಿ ಕೆಲಸ ಕೊಟ್ಟಿದ್ದೀರಿ, ಹತ್ತು ದಿನ ಪಿಸ್ತೂಲು ಮುಟ್ಟಬಾರದು ಅಂದರು. ರಾಜ್ಯ ಮಟ್ಟದ ಸ್ಪರ್ಧೆಗೆ ಉಳಿದಿದ್ದದ್ದು ಏಳು ವಾರ.

“ನೋವಾದಾಗ ಹೇಳೋದಲ್ವಾ?” ಅಂತ ಕೇಳಿದೆ.

“ನೀನು ಅಷ್ಟೊಂದು ದುಡ್ಡು ಕೊಟ್ಟು ತರಿಸಿದ್ದೆ. ಸರಿಯಾಗಿಲ್ಲ ಅಂತ ಹೇಗೆ ಹೇಳ್ಲಿ ಮಾಮ?”

ನಾನು ಮಾತಾಡಲಿಲ್ಲ. ಚಾಚಿದ ಒಂಟಿ ಕೈಯ ತುದಿಯಲ್ಲಿ 200 ಗ್ರಾಂ ಅಂದ್ರೆ ಏನು, ಅದನ್ನು ದಿನಕ್ಕೆ ಎಷ್ಟು ಸಲ ಎತ್ತಬೇಕು ಅನ್ನೋದು ನನ್ನ ಶೀಟ್‌ನಲ್ಲಿ ಇರಲೇ ಇಲ್ಲ.

ರಜೆ ಮುಗಿಸಿ ಬಂದ ಮೇಡಂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಒಂದೇ ಪ್ರಶ್ನೆ ಕೇಳಿದರು. “ಇವಳ ಸ್ಪರ್ಧೆ ಹೇಗೆ ನಡೆಯುತ್ತೆ ಅಂತ ಗೊತ್ತಾ ನಿಮಗೆ?”

ಸರಿಯಾಗಿ ಗೊತ್ತಿರಲಿಲ್ಲ. ಮಹಿಳೆಯರ 25 ಮೀಟರ್ ಪಿಸ್ತೂಲಿನಲ್ಲಿ ಒಟ್ಟು 60 ಗುಂಡು. ಮೊದಲ 30 ನಿಧಾನದವು, ಐದು ಗುಂಡಿಗೆ ಐದು ನಿಮಿಷ. ಉಳಿದ 30ರಲ್ಲಿ ಕೈ ಕೆಳಗಿಳಿಸಿ ನಿಂತಿರಬೇಕು. ಗುರಿ ಮೂರು ಸೆಕೆಂಡು ತೆರೆದುಕೊಳ್ಳುತ್ತೆ, ಅಷ್ಟರಲ್ಲಿ ಕೈ ಎತ್ತಿ ಒಂದೇ ಒಂದು ಗುಂಡು. ಆಮೇಲೆ ಏಳು ಸೆಕೆಂಡು ಬಿಡುವು. ಲಂಡನ್ನಿನಲ್ಲಿ 2012ರಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ ರ‍್ಯಾಪಿಡ್ ಫೈರ್ ಬೇರೆ. ಅದರಲ್ಲಿ ಕೊನೆಯ ಸುತ್ತುಗಳಲ್ಲಿ ನಾಲ್ಕೇ ಸೆಕೆಂಡಿಗೆ ಐದು ಗುರಿ, ಐದು ಗುಂಡು. ಅಲ್ಲಿ ಮೂತಿ ಎಷ್ಟು ಜಿಗಿಯುತ್ತೆ, ಎಷ್ಟು ಬೇಗ ವಾಪಸ್ ಬರುತ್ತೆ ಅನ್ನೋದೇ ಆಟ. ಚಿನ್ನುಗೆ ಹಾಗಲ್ಲ. ಪಿಸ್ತೂಲು ಒದ್ದ ಮೇಲೆ ಅವಳಿಗೆ ಬೇಕಾದಷ್ಟು ಹೊತ್ತಿದೆ.

ಅಂದರೆ ನಾನು ಇಲ್ಲದ ಬಗ್ ಫಿಕ್ಸ್ ಮಾಡಿದ್ದೆ. ಕೆಲಸದಲ್ಲಿ ಜೂನಿಯರ್ ಯಾರಾದರೂ ಲಾಗ್ ನೋಡದೆ ಕೋಡ್ ಬದಲಾಯಿಸಿದರೆ ನಾನೇ ಕೂಗಾಡ್ತೀನಿ.

“ಹಾಗಾದ್ರೆ ಗುಂಡು ಕೆಳಗೆ ಯಾಕೆ ಹೋಗ್ತಿದೆ ಮೇಡಂ? ಒದ್ದರೆ ಮೂತಿ ಮೇಲಕ್ಕಲ್ವಾ ಹೋಗೋದು?”

“ಅದನ್ನೇ ಮೊದಲು ಕೇಳಬೇಕಿತ್ತು” ಅಂದರು.

ಹತ್ತು ದಿನ ಕಳೆದು ಕೈ ವಾಸಿಯಾದ ಮೇಲೆ, ತೂಕ ಬಿಚ್ಚಿಸಿ, ಐದು ಗುಂಡಿನ ಮ್ಯಾಗಜೀನ್ ಒಳಗೆ ಅವಳಿಗೆ ಕಾಣದ ಹಾಗೆ ಎರಡು ಡಮ್ಮಿ ಸೇರಿಸಿ ಕೊಟ್ಟರು. ಮೊದಲ ಗುಂಡು ಢಂ. ಎರಡನೆಯದು ಬರೀ ಟಿಕ್. ಒಳಗೆ ಗುಂಡೇ ಇಲ್ಲ, ಒದೆತವೂ ಇಲ್ಲ. ಆದರೂ ಪಿಸ್ತೂಲಿನ ಮೂತಿ ಫಕ್ಕನೆ ಕೆಳಗೆ ಕುಸೀತು. ನಾನು ಹಿಂದೆ ನಿಂತು ಕಣ್ಣಾರೆ ನೋಡಿದೆ. ಒದೆಯೋ ಮುಂಚೆಯೇ ಅವಳ ಕೈ ಆ ಒದೆತವನ್ನು ತಡೆಯೋಕೆ ಹೋಗ್ತಿತ್ತು.

ಗುಂಡು ನಳಿಗೆಯಲ್ಲಿ ಇರೋದೇ ಸುಮಾರು ಒಂದು ಮಿಲಿಸೆಕೆಂಡು. ಅಷ್ಟರಲ್ಲಿ ಪಿಸ್ತೂಲು ಹಿಂದಕ್ಕೆ ಸರಿಯೋದು ಒಂದು ಮಿಲಿಮೀಟರಿಗೂ ಕಮ್ಮಿ. ನಮಗೆ ಒದೆತ ಗೊತ್ತಾಗುವ ಹೊತ್ತಿಗೆ ಗುಂಡು ಹೊರಟುಹೋಗಿರುತ್ತೆ. ಸ್ಕೋರ್ ಕೆಡಿಸ್ತಿದ್ದದ್ದು ಒದೆತ ಅಲ್ಲ, ಅದರ ಭಯ.

ನನಗೆ ನನ್ನ ಫೋನ್ ನೆನಪಾಯ್ತು. ಆನ್‌ಕಾಲ್ ವಾರದಲ್ಲಿ ಪಕ್ಕದ ಟೇಬಲ್ಲಿನ ಯಾರದೋ ಮೊಬೈಲ್ ಅದೇ ಟ್ಯೂನಿನಲ್ಲಿ ಬಡಿದರೂ ನನ್ನ ಭುಜ ಬಿಗಿಯುತ್ತೆ. ಅದಕ್ಕೆ ಯಾವ ತೂಕ ಕಟ್ಟಲಿ?

ಮುಂದಿನ ವಾರಗಳಲ್ಲಿ ಮೇಡಂ ಮಾಡಿಸಿದ್ದು ದುಬಾರಿ ಕೆಲಸವೇನಲ್ಲ. ಮೊದಲು ಸದ್ದು. ಕಿವಿಯೊಳಗೆ ಪ್ಲಗ್, ಅದರ ಮೇಲೆ ಮಫ್. ಬೆದರಿಕೆಯ ಅರ್ಧ ಪಾಲು ಆ ಢಂ ಸದ್ದಿನದೇ ಅಂತೆ. ಆಮೇಲೆ ಮರದ ಹಿಡಿ. ಕ್ಲಬ್ಬಿನ ಪಿಸ್ತೂಲಿನ ಹಿಡಿ ಅವಳ ಅಂಗೈಗೆ ದೊಡ್ಡದಾಗಿತ್ತು, ಒಂದೊಂದು ಗುಂಡಿಗೂ ಒಳಗೇ ಜಾರುತ್ತಿತ್ತು. ಚಿಕ್ಕ ಅಳತೆಯದನ್ನು ಹಾಕಿಸಿದರು. ಮಣಿಕಟ್ಟು ಬಿಗಿ, ಹಿಡಿತ ಪ್ರತಿ ಸಲ ಒಂದೇ ಸಮ. ಹಿಂಡಿ ಹಿಡಿದರೆ ಕೈ ನಡುಗುತ್ತೆ, ಸಡಿಲ ಬಿಟ್ಟರೆ ಮೂತಿ ಎಲ್ಲೆಲ್ಲೋ ಹೋಗುತ್ತೆ. ಗುಂಡು ಹೋದ ಮೇಲೂ ಟ್ರಿಗರ್ ಒತ್ತಿಕೊಂಡೇ, ಕಣ್ಣು ಮುಂದಿನ ಸೈಟ್ ಮೇಲೇ ಒಂದು ಕ್ಷಣ. ಒದೆಯಲಿ, ಒದ್ದ ಮೇಲೆ ಹೊರಟ ಜಾಗಕ್ಕೇ ವಾಪಸ್ ಬರಲಿ, ಅಷ್ಟೇ. ದಿನಾ ಡಮ್ಮಿ ಬೆರೆಸಿದ ಮ್ಯಾಗಜೀನ್.

ಮನೆಯಲ್ಲಿ ಶೂಟಿಂಗ್ ಕಲಿಯುವ ಮಕ್ಕಳಿದ್ದರೆ, ಸಾಮಾನು ಕೊಳ್ಳುವ ಮುಂಚೆ ಒಂದು ದಿನ ಹಿಂದೆ ನಿಂತು ಅವರ ಕೈ ನೋಡಿ. ಕೋಚ್‌ಗೆ ಹೇಳದೆ ಏನನ್ನೂ ಜೋಡಿಸಬೇಡಿ. ನೋವು ಇದ್ಯಾ ಅಂತ ಕೇಳಿ. ಕೇಳುವಾಗ, ಇಲ್ಲ ಅನ್ನಲೇಬೇಕು ಅಂತ ಅವರಿಗೆ ಅನ್ನಿಸುವಂಥ ಋಣ ಹೊರಿಸಿರಬೇಡಿ. ಈ ಕೊನೆಯದನ್ನು ನಾನು ಕಲಿಯೋಕೆ ಒಂದು ಊದಿದ ಮಣಿಕಟ್ಟು ಬೇಕಾಯ್ತು.

ಸ್ಪರ್ಧೆ ಬರುವ ಭಾನುವಾರ. ಪದಕ ಬರುತ್ತೆ ಅಂತ ನಮಗ್ಯಾರಿಗೂ ಭ್ರಮೆ ಇಲ್ಲ. ಮೊನ್ನೆ ಶನಿವಾರ ರೇಂಜ್‌ಗೆ ಹೋಗಿದ್ದೆ. ಢಂ, ಢಂ, ಆಮೇಲೆ ಟಿಕ್. ಪಿಸ್ತೂಲಿನ ಮೂತಿ ಒಂದಿಷ್ಟೂ ಅಲುಗಲಿಲ್ಲ. ಚಿನ್ನು ಅದನ್ನು ಮೆಲ್ಲಗೆ ಕೆಳಗಿಟ್ಟು, ಮಫ್ ಸರಿಸಿ, ಹಿಂದೆ ತಿರುಗಿದಳು.

“ನೋಡಿದ್ಯಾ ಮಾಮ? ಮಣಿಕಟ್ಟು ಸ್ವಲ್ಪ ನೋಯ್ತಿದೆ. ಇವತ್ತಿಗೆ ಸಾಕು ಅಂತ ಮೇಡಂಗೆ ಹೇಳ್ತೀನಿ.”

ಆ ಟಿಕ್‌ಗಿಂತ ಈ ಮಾತು ಕೇಳಿ ನನಗೆ ಹೆಚ್ಚು ನೆಮ್ಮದಿಯಾಯ್ತು.