ಹಳೆಯ ಫಿಲ್ಟರನ್ನು ಎಸೆಯುವ ಮುನ್ನ

ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕಳೆದ ವಾರ ತಂದೆಯೊಡನೆ ನನ್ನ ಕಚೇರಿಗೆ ಬಂದಿದ್ದಳು. ತಂದೆ ಬಂದುದು ಆಸ್ತಿ ಪಾಲಿನ ಕಾಗದಪತ್ರಗಳಿಗಾಗಿ. ಮಗಳ ಗಮನವೆಲ್ಲ ಮೂಲೆಯಲ್ಲಿದ್ದ ನನ್ನ ಮೀನಿನ ತೊಟ್ಟಿಯ ಮೇಲಿತ್ತು. ಬೆಂಗಳೂರಿನ ಸೋದರಮಾವ ಕೊಟ್ಟ ಆಕ್ಸೊಲೋಟಲ್ ಅವಳ ಮನೆಯಲ್ಲಿದೆಯಂತೆ. ಅದರ ತೊಟ್ಟಿಯ ಫಿಲ್ಟರ್ ಕೆಡುವ ಸೂಚನೆ ಕಾಣುತ್ತಿದೆ. ಹೊಸತನ್ನು ಮಾರಿದ ಅಂಗಡಿಯವರು, "ಹಳೆಯದನ್ನು ಎಸೆದು, ತೊಟ್ಟಿಯನ್ನು ಪೂರ್ತಿ ತೊಳೆದು ಇದನ್ನು ಹಾಕಿ" ಎಂದಿದ್ದಾರೆ. "ಹಾಗೆ ಮಾಡಬಹುದೇ ಸರ್?" ಎಂದು ಕೇಳಿದಳು.

ಖಂಡಿತ ಬೇಡವೆಂದೆ. ಆ ಪಾಠವನ್ನು ನಾನು ಎರಡು ಮೀನುಗಳ ಜೀವ ತೆತ್ತು ಕಲಿತವನು. ಕೆಲವು ವರ್ಷಗಳ ಹಿಂದೆ ಫಿಲ್ಟರಿನ ಸ್ಪಂಜನ್ನು ಕ್ಲೋರಿನ್ ಬೆರೆತ ನಳ್ಳಿ ನೀರಿನಲ್ಲಿ ಬೆಳ್ಳಗಾಗುವವರೆಗೆ ತಿಕ್ಕಿ ತೊಳೆದಿದ್ದೆ. ಕೆಲವೇ ದಿನಗಳಲ್ಲಿ ಮೀನುಗಳು ಒಂದೊಂದಾಗಿ ಸತ್ತುವು. "ಅಪ್ಪಾ, ನೀವು ಶುಚಿ ಮಾಡಿದ್ದಲ್ಲವೇ?" ಎಂದು ಮಗಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರವು ಮಕ್ಕಳು ಓದುವ ಸಾರಜನಕ ಚಕ್ರದಲ್ಲಿಯೇ ಇದೆ. ಜಲಜೀವಿಯ ವಿಸರ್ಜನೆಯಿಂದಲೂ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಸೇರುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟೊಂದು ಅಪಾಯಕರವಲ್ಲದ ನೈಟ್ರೇಟ್ ಆಗಿಸುತ್ತವೆ. ಈ ಉಪಕಾರಿಗಳ ಮುಖ್ಯ ವಾಸಸ್ಥಾನ ಫಿಲ್ಟರಿನೊಳಗಿನ ಸ್ಪಂಜು. ನಾವು ಕೊಳೆಯೆಂದು ತಿಕ್ಕಿ ತೆಗೆಯುವ ಕಂದು ಲೋಳೆಯಲ್ಲಿ ಅವು ನೆಲೆಸಿರುತ್ತವೆ. ಆಕ್ಸೊಲೋಟಲ್ ತೆಳುಚರ್ಮದ ಉಭಯವಾಸಿ. ಅದರ ಕಿವಿರುಗಳು ತಲೆಯ ಹೊರಗೆ ಗರಿಗಳಂತೆ ಚಾಚಿಕೊಂಡಿರುತ್ತವೆ. ಆದ್ದರಿಂದ ನೀರು ಕೆಟ್ಟರೆ ಅದಕ್ಕೆ ಬೇಗನೆ ಪೆಟ್ಟು ತಗಲುತ್ತದೆ.

ಸುರಕ್ಷಿತ ವಿಧಾನವು ಸರಳ. ನೀರಿಗೆ ಕೈಹಾಕುವ ಮುನ್ನ ವಿದ್ಯುತ್ ಸಂಪರ್ಕವನ್ನು ಕಡಿದಿರಬೇಕು. ಹಳೆಯ ಫಿಲ್ಟರ್ ಇನ್ನೂ ನಡೆಯುತ್ತಿದ್ದರೆ, ಅದರ ಪಕ್ಕದಲ್ಲೇ ಹೊಸತನ್ನಿಟ್ಟು ನಾಲ್ಕರಿಂದ ಆರು ವಾರಗಳ ಕಾಲ ಎರಡನ್ನೂ ಓಡಿಸಬೇಕು. ಅಷ್ಟರಲ್ಲಿ ಬ್ಯಾಕ್ಟೀರಿಯಗಳು ಹೊಸದರಲ್ಲಿಯೂ ನೆಲೆಗೊಳ್ಳುತ್ತವೆ. ಹಳೆಯದು ನಿಂತೇಹೋಗಿದ್ದರೆ, ಅದರ ಸ್ಪಂಜನ್ನು ಒಣಗಲು ಬಿಡದೆ ಕೂಡಲೇ ಹೊಸದರೊಳಗೆ ಸೇರಿಸಬೇಕು. ತೊಳೆಯಲೇಬೇಕಾದರೆ ತೊಟ್ಟಿಯಿಂದಲೇ ಒಂದು ಬಾಲ್ದಿ ನೀರು ತೆಗೆದು ಅದರಲ್ಲಿ ಮೆಲ್ಲನೆ ಹಿಂಡಿದರೆ ಸಾಕು. ಅದೇ ದಿನ ಮರಳು ಬದಲಾಯಿಸುವುದು, ಗಾಜು ತಿಕ್ಕುವುದು ಬೇಡ.

ಆಕ್ಸೊಲೋಟಲ್ ನಿಶ್ಚಲವಾದ ನೀರನ್ನು ಬಯಸುವ ಪ್ರಾಣಿ. ಹೊಸ ಫಿಲ್ಟರಿನ ಹರಿವು ರಭಸವಾಗಿದ್ದರೆ ಅದನ್ನು ಗಾಜಿನ ಕಡೆಗೆ ತಿರುಗಿಸಿ ತಗ್ಗಿಸಬೇಕು. ನೀರನ್ನು ಹೀರುವ ಬಾಯಿಗೆ ಸ್ಪಂಜು ಕಟ್ಟದಿದ್ದರೆ ಕಾಲು, ಕಿವಿರು ಸಿಕ್ಕಿಕೊಳ್ಳಬಹುದು. ಕಿವಿರುಗಳು ಸದಾ ಮುಂದಕ್ಕೆ ಬಾಗಿಕೊಂಡಿದ್ದರೆ ಹರಿವು ಹೆಚ್ಚಾಯಿತೆಂದು ತಿಳಿಯಬೇಕು. ಬದಲಾವಣೆಯ ಬಳಿಕ ಎರಡು ವಾರ ಪರೀಕ್ಷಾ ಕಿಟ್‌ನಿಂದ ದಿನವೂ ನೀರನ್ನು ನೋಡಬೇಕು. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಿರಬೇಕು. ಕಾಣಿಸಿಕೊಂಡರೆ ಕ್ಲೋರಿನ್ ತೆಗೆದ, ಅಷ್ಟೇ ತಂಪಿನ ನೀರಿನಿಂದ ಒಂದು ಪಾಲನ್ನು ಬದಲಿಸಿ, ಆಹಾರವನ್ನು ಕಡಿಮೆ ಮಾಡಬೇಕು.

ಎಲ್ಲವನ್ನೂ ಬರೆದುಕೊಂಡ ಹುಡುಗಿಗೆ ಇನ್ನೆರಡು ಕಹಿಮಾತುಗಳನ್ನು ಹೇಳಬೇಕಾಯಿತು. ಈ ಪ್ರಾಣಿಯ ಮೂಲನೆಲೆ ಮೆಕ್ಸಿಕೋ ನಗರದ ಸೊಚಿಮಿಲ್ಕೊ ಪ್ರದೇಶದ ತಂಪಾದ ಜಲಾಶಯಗಳು. ಅದಕ್ಕೆ ಹಿತವಾದುದು 16ರಿಂದ 18 ಡಿಗ್ರಿ ಸೆಲ್ಸಿಯಸ್. 24 ದಾಟಿದರೆ ಆಪತ್ತು. ನಮ್ಮ ಕಾಸರಗೋಡಿನ ಸೆಕೆಯಲ್ಲಿ ನೀರನ್ನು ತಂಪಾಗಿಸುವ ಯಂತ್ರವಿಲ್ಲದೆ ಅದನ್ನು ಸಾಕುವುದು ಹಿಂಸೆಯೇ ಸರಿ.

ಎರಡನೆಯದು ಕಾನೂನಿನ ಮಾತು. ಅದನ್ನು ತಂದೆಗೆ ಹೇಳಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಯಿತು. ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳು ಆ ಮೂಲಕ ಕಾಯ್ದೆಯ ನಾಲ್ಕನೆಯ ಅನುಸೂಚಿಗೆ ಸೇರಿದುವು. ಆಕ್ಸೊಲೋಟಲ್ ಆ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಅಂಥ ಜೀವಿಯನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕು. ಉಡುಗೊರೆಯಾಗಿ ಬಂದುದೆಂಬ ಮಾತ್ರಕ್ಕೆ ವಿನಾಯಿತಿಯಿಲ್ಲ. ಹೆದರಿ ಅದನ್ನು ಕೆರೆಗೋ ತೋಡಿಗೋ ಬಿಡುವುದು ಇನ್ನೂ ದೊಡ್ಡ ತಪ್ಪು.

ತಂದೆ ಪಾಲುಪತ್ರದ ಕಡತದ ಜೊತೆಗೆ ನೋಂದಣಿಯ ಕೆಲಸವನ್ನೂ ನನಗೇ ಒಪ್ಪಿಸಿದರು. ನೀರು ತಂಪಾಗಿಸುವ ಯಂತ್ರದ ಬೆಲೆ ವಿಚಾರಿಸುವುದಾಗಿಯೂ ಹೇಳಿದರು. ಮಗಳು ಮೊನ್ನೆ ದೂರವಾಣಿಯಲ್ಲಿ ವರದಿ ಒಪ್ಪಿಸಿದಳು: "ಎರಡು ಫಿಲ್ಟರೂ ಒಟ್ಟಿಗೆ ಓಡುತ್ತಿವೆ ಸರ್. ಹಳೆಯದರ ಸದ್ದು ಹಾಗೆಯೇ ಇದೆ, ಒಂದು ತಿಂಗಳು ಸಹಿಸಿಕೊಳ್ಳುತ್ತೇವೆ."